ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ಅಣ್ಣನಿಗೆ ಮಾತ್ರೆಯ ಹೊರತಾಗಿ ಊರಿನಲ್ಲೇ ಏನು ನೆರವು ಸಿಗುತ್ತದೆ?

ಸ್ಕಿಜೋಫ್ರೇನಿಯಾಕ್ಕೆ ಚಿಕಿತ್ಸೆ ಪಡೆದು ಮರಳಿದ ನಿಮ್ಮ ಅಣ್ಣ ದಿನವಿಡೀ ಕೋಣೆಯಲ್ಲೇ ಕೂತಿರುತ್ತಾರೆ ಎಂದಿದ್ದೀರಿ. ಅದು ಸೋಮಾರಿತನವಲ್ಲ, ಉತ್ಸಾಹ ಬತ್ತುವುದೂ ಆ ಕಾಯಿಲೆಯ ಲಕ್ಷಣವೇ, ಅದರ ಮೇಲೆ ಮಾತ್ರೆಯ ಪರಿಣಾಮ ಕಡಿಮೆಯಾದ್ದರಿಂದಲೇ ದಿನಚರಿ, ಕೆಲಸ ಮತ್ತು ಜನರ ಒಡನಾಟ ಬೇಕಾಗುತ್ತವೆ.

ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ತಪಾಸಣೆ ನಡೆಯುತ್ತದೆ. ಅಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಿಬ್ಬಂದಿಯನ್ನು ಕೇಳಿ, ಚೇತರಿಸಿಕೊಳ್ಳುತ್ತಿರುವವರು ಹಗಲು ಹೊತ್ತು ಬಂದು ಸಣ್ಣಪುಟ್ಟ ಕೆಲಸ ಕಲಿಯುವ ಮಾನಸಧಾರಾ ಹಗಲು ಆರೈಕೆ ಕೇಂದ್ರ ನಿಮ್ಮ ಜಿಲ್ಲೆಯಲ್ಲಿದೆಯೇ ಎಂದು ತಿಳಿದುಕೊಳ್ಳಿ. ಇಂಥ ಕೇಂದ್ರದಲ್ಲಿ ಕಾಗದದ ಕವರು ಅಂಟಿಸುವ ಕೆಲಸ ಸಣ್ಣದಾಗಿ ಕಾಣಬಹುದು. ಆದರೆ ಅದಕ್ಕಾಗಿ ಸ್ನಾನ ಮಾಡಿ, ಹೊತ್ತಿಗೆ ಸರಿಯಾಗಿ ಹೊರಟು, ಒಬ್ಬರೇ ಬಸ್ಸು ಹತ್ತುವುದಿದೆಯಲ್ಲ, ನಿಜವಾದ ಚೇತರಿಕೆ ಅಲ್ಲಿಂದಲೇ ಶುರುವಾಗುತ್ತದೆ ಎಂಬುದು ನನ್ನ ನಂಬಿಕೆ. ಕೇಂದ್ರ ದೂರವಿದ್ದರೆ ಮನೆಯಲ್ಲೇ ಆರಂಭಿಸಿ: ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವ ಹೊಣೆಯನ್ನು ಅವರಿಗೆ ವಹಿಸಿ, ತಡವಾದರೂ ಗದರಬೇಡಿ.

ಸಮುದಾಯದ ನಡುವೆ ಬದುಕುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಸೆಕ್ಷನ್ನಿನಂತೆ ಅವರ ಹಕ್ಕು. ನಿದ್ದೆಗೆಟ್ಟು ಸಂಶಯ ಹೆಚ್ಚಿದರೆ ತಡಮಾಡದೆ ವೈದ್ಯರನ್ನು ಕಾಣಿ. ಟೆಲಿ ಮನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.