ಹಾಳಾದ ಕಡತ ಮತ್ತು ಅದನ್ನು ಬಿಚ್ಚುವ ಪ್ರೋಗ್ರಾಮು

ಪ್ರಶ್ನೆ: ಗಾತ್ರ ಕುಗ್ಗಿಸಿಟ್ಟ ಜಿಜಿಪ್ ಕಡತಗಳನ್ನು ಬಿಚ್ಚುವ ಚಿಕ್ಕ ಪ್ರೋಗ್ರಾಮೊಂದನ್ನು ಸಿ ಭಾಷೆಯಲ್ಲಿ ಬರೆದಿದ್ದೇನೆ. ಕಡತದ ನಡುವಿನ ಒಂದು ಬೈಟನ್ನು ಬದಲಿಸಿ ಕೊಟ್ಟಾಗ, ಸಿಆರ್‌ಸಿ (ದತ್ತಾಂಶ ಕೆಟ್ಟಿದೆಯೇ ಎಂದು ತಿಳಿಯಲು ಇಡುವ ಪರೀಕ್ಷಾ ಸಂಖ್ಯೆ) ತಾಳೆಯಾಗುತ್ತಿಲ್ಲ ಎಂಬ ದೋಷಸಂದೇಶ ಬಂದಿತು. ಕೆಟ್ಟ ದತ್ತಾಂಶವನ್ನು ಅದು ತಡೆದುಕೊಳ್ಳುತ್ತದೆ ಎನ್ನಲು ಇಷ್ಟು ಪರೀಕ್ಷೆ ಸಾಕೇ?
— ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿನಿ

ಉತ್ತರ: ಸಾಲದು. ಸಿಆರ್‌ಸಿ-32 ಇರುವುದು ಕಡತದ ಕಟ್ಟಕಡೆಯ 8 ಬೈಟುಗಳಲ್ಲಿ, ಮೂಲ ಉದ್ದದ ಜೊತೆಗೆ. ನಿಮ್ಮ ಪ್ರೋಗ್ರಾಮು ಅಲ್ಲಿಗೆ ತಲುಪುವ ಹೊತ್ತಿಗೆ ಕೆಟ್ಟ ದತ್ತಾಂಶವನ್ನೆಲ್ಲ ನಂಬಿ ಮೆಮೊರಿಗೆ ಬರೆದಾಗಿರುತ್ತದೆ. ಜಿಜಿಪ್ ಬಳಸುವ ಡಿಫ್ಲೇಟ್ ಎಂಬ ಸಂಕುಚಿಸುವ ವಿಧಾನದಲ್ಲಿ, ಇಷ್ಟು ದೂರ ಹಿಂದೆ ಹೋಗಿ ಇಷ್ಟು ಬೈಟುಗಳನ್ನು ನಕಲಿಸು ಎಂಬ ಸೂಚನೆಗಳಿರುತ್ತವೆ. ದೂರ 32,768ರವರೆಗೂ ಉದ್ದ 258ರವರೆಗೂ ಇರಬಹುದು. ಹೊರಬಂದಿರುವುದು ಇನ್ನೂ 100 ಬೈಟು ಮಾತ್ರವಾಗಿರುವಾಗ, ಒಂದು ಬಿಟ್ ಕೆಟ್ಟು 5,000 ಬೈಟು ಹಿಂದೆ ಹೋಗೆಂದು ಸೂಚಿಸಿದರೆ, ನಿಮ್ಮ ಪ್ರೋಗ್ರಾಮು ನಿರಾಕರಿಸುತ್ತದೆಯೋ ಅಥವಾ ಸಂಬಂಧವಿಲ್ಲದ ಮೆಮೊರಿಯನ್ನು ಓದುತ್ತದೆಯೋ ಎಂಬುದೇ ನಿಜವಾದ ಪ್ರಶ್ನೆ. ಅನುಭವಿಗಳೂ ಇಲ್ಲಿ ಎಡವಿದ್ದಾರೆ. ಬಿಜಿಪ್2 ಎಂಬ ಇನ್ನೊಂದು ಸಂಕುಚಿಸುವ ಪ್ರೋಗ್ರಾಮಿನಲ್ಲಿ 18,002 ಸೆಲೆಕ್ಟರುಗಳಿಗಷ್ಟೇ (ಯಾವ ಸಂಕೇತ ಕೋಷ್ಟಕ ಬಳಸಬೇಕೆಂದು ಹೇಳುವ ಸಂಖ್ಯೆಗಳಿಗಷ್ಟೇ) ಜಾಗವಿದ್ದರೂ, 15 ಬಿಟ್‌ಗಳಲ್ಲಿ ಬರೆದ, ಅದಕ್ಕಿಂತ ದೊಡ್ಡದಾಗಬಲ್ಲ ಅವುಗಳ ಎಣಿಕೆಯನ್ನು ಕಡತ ಹೇಳಿದಂತೆಯೇ ನಂಬಲಾಗುತ್ತಿತ್ತು. ಆ ದೋಷ ಸರಿಹೋದದ್ದು 2019ರಲ್ಲಿ.

ಮೊದಲು 1,024 ಬೈಟುಗಳ ಒಂದು ಸಣ್ಣ ಜಿಜಿಪ್ ಕಡತವನ್ನು ತೆಗೆದುಕೊಂಡು, ಒಂದೊಂದು ಬಿಟ್ಟನ್ನೂ ಸರದಿಯಂತೆ ತಿರುಗಿಸಿ 8,192 ಕಡತಗಳನ್ನೂ, ಪ್ರತಿಯೊಂದು ಉದ್ದಕ್ಕೂ ಕತ್ತರಿಸಿ ಇನ್ನೂ 1,024 ಕಡತಗಳನ್ನೂ ಮಾಡಿ, ಎಲ್ಲವನ್ನೂ ಅಡ್ರೆಸ್‌ಸ್ಯಾನಿಟೈಸರ್ (ಮೆಮೊರಿಯ ಎಲ್ಲೆ ಮೀರಿದರೆ ಹಿಡಿದುಕೊಡುವ ಸಾಧನ) ಸೇರಿಸಿ ಕಂಪೈಲ್ ಮಾಡಿದ ಪ್ರೋಗ್ರಾಮಿಗೆ ಉಣಿಸಿ. ಸ್ಯಾನಿಟೈಸರ್ ಇಲ್ಲದಿದ್ದರೆ, ಎಲ್ಲೆ ಮೀರಿದ ಓದು ಸದ್ದಿಲ್ಲದೆ ದಾಟಿಹೋಗಬಹುದು. ಪ್ರತಿ ಸಲವೂ ದೋಷಸಂದೇಶವೇ ಬರಬೇಕೆಂದು ನಿರೀಕ್ಷಿಸಬೇಡಿ. ಶಿರೋಭಾಗದಲ್ಲಿರುವ ಕಾಲಮುದ್ರೆಯ ಬಿಟ್ ಬದಲಾದರೆ ಒಳಗಿನ ದತ್ತಾಂಶ ಕೆಡುವುದಿಲ್ಲ. ಮೂಲದ ತದ್ರೂಪು ಬರಬೇಕು, ಇಲ್ಲವೇ ದೋಷ ವರದಿಯಾಗಬೇಕು. ಕುಸಿಯುವುದು, ಸಿಲುಕಿ ನಿಲ್ಲುವುದು, ತಪ್ಪು ದತ್ತಾಂಶ ಕೊಟ್ಟು ಯಶಸ್ಸೆಂದು ಹೇಳುವುದು, ಈ ಮೂರೂ ಸಲ್ಲವು.

ಒಂದೇ ಬಿಟ್ ತಿರುಗಿಸುವುದರಿಂದ ತಲುಪಲಾಗದ ಮೂಲೆಗಳು ಹಲವಿವೆ. ಅವುಗಳಿಗಾಗಿ ಎಎಫ್‌ಎಲ್ ಅಥವಾ ಲಿಬ್‌ಫಜರ್ ಎಂಬ ಸಾಧನ ಬಳಸಿ ಫಜಿಂಗ್ ಮಾಡಿ, ಅಂದರೆ ಮಾದರಿ ಕಡತಗಳನ್ನು ತಾನಾಗಿಯೇ ಬಗೆಬಗೆಯಾಗಿ ಕೆಡಿಸಿ ಪ್ರೋಗ್ರಾಮಿಗೆ ಉಣಿಸುತ್ತಾ ಹೋಗುವಂತೆ ಮಾಡಿ. ಸಂಕುಚಿಸದ, ಸ್ಥಿರ ಹಫ್‌ಮನ್, ಬದಲಾಗುವ ಹಫ್‌ಮನ್ (ಹೆಚ್ಚು ಸಲ ಬರುವುದಕ್ಕೆ ಚಿಕ್ಕ ಸಂಕೇತ ಕೊಡುವ ವಿಧಾನ) ಎಂಬ ಮೂರೂ ಬಗೆಯ ಬ್ಲಾಕುಗಳಿರುವ ಮಾದರಿಗಳನ್ನು ಆರಂಭಕ್ಕೆ ಒದಗಿಸಿ. ನನ್ನ ಅಭಿಪ್ರಾಯದಲ್ಲಿ ಹೆಚ್ಚು ಗಮನ ಬೇಡುವುದು ಮೂರನೆಯದು, ಏಕೆಂದರೆ ಅದರಲ್ಲಿ ಸಂಕೇತಗಳ ಕೋಷ್ಟಕವೇ ಕಡತದೊಳಗಿನಿಂದ ಬರುತ್ತದೆ. ಡಿಫ್ಲೇಟ್ ಒಂದು ಬೈಟನ್ನು ಸುಮಾರು 1,032 ಬೈಟುಗಳವರೆಗೆ ಹಿಗ್ಗಿಸಬಲ್ಲದಾದ್ದರಿಂದ, ಹೊರಬರುವ ಗಾತ್ರಕ್ಕೂ ತೆಗೆದುಕೊಳ್ಳುವ ಸಮಯಕ್ಕೂ ಮಿತಿ ಹಾಕಿರಿ. ಕುಸಿತ ಉಂಟುಮಾಡಿದ ಪ್ರತಿಯೊಂದು ಕಡತವನ್ನೂ ಜೋಪಾನವಾಗಿಟ್ಟು, ಪ್ರೋಗ್ರಾಮು ಬದಲಾದಾಗಲೆಲ್ಲ ಮತ್ತೆ ಓಡಿಸಿ ನೋಡಿ.