ದುಡ್ಡು ಪೂರ್ತಿ ಕೊಟ್ಟಾಗಿದೆ, ದೋಣಿ ರಿಪೇರಿ ಮುಗಿಯುತ್ತಿಲ್ಲ. ಏನು ಮಾಡಲಿ?

ಟ್ರಾನ್ಸಮ್ (ಎಂಜಿನ್ ಕೂರಿಸುವ ದೋಣಿಯ ಹಿಂದಿನ ಗೋಡೆ) ಬದಲಾಯಿಸಿ, ಎಂಜಿನ್ ಸರ್ವಿಸ್ ಮಾಡಿಕೊಡುತ್ತೇವೆ ಅಂತ ವರ್ಕ್‌ಶಾಪಿನವರು ಪೂರ್ತಿ ಹಣ ಮೊದಲೇ ತೆಗೆದುಕೊಂಡರು. ಏಳು ತಿಂಗಳಾಯಿತು. ಕೇಳಿದಾಗಲೆಲ್ಲ "ಮುಂದಿನ ವಾರ" ಅನ್ನುತ್ತಿದ್ದವರು ಈಗ ಫೋನೇ ಎತ್ತುತ್ತಿಲ್ಲ. ಜೋರು ಮಾಡಿದರೆ ದೋಣಿಗೇ ಏನಾದರೂ ಮಾಡಿಬಿಟ್ಟಾರು ಅಂತ ಹೆದರಿಕೆ. ನೀವು ಕೇಳಿದ್ದು ಇಷ್ಟು. ಓದುತ್ತಿದ್ದ ಹಾಗೆ ಹೊಟ್ಟೆಯಲ್ಲಿ ಸಂಕಟವಾಯಿತು. ನಾನು ಹನ್ನೊಂದು ತಿಂಗಳು ಇದೇ ಪಾಡು ಪಟ್ಟಿದ್ದೇನೆ.

ನನ್ನ ಅನುಭವದಿಂದ ಹೇಳುವುದು ಇಷ್ಟೇ: ಮೊದಲು ದೋಣಿಯನ್ನು ಕೈಗೆ ತಂದುಕೊಳ್ಳಿ, ದುಡ್ಡಿನ ಜಗಳ ಆಮೇಲೆ. ಕೊಟ್ಟ ದುಡ್ಡು ಇವತ್ತೂ ಅಷ್ಟೇ, ಆರು ತಿಂಗಳು ಬಿಟ್ಟರೂ ಅಷ್ಟೇ. ಬಿಚ್ಚಿಟ್ಟ ದೋಣಿ ಹಾಗಲ್ಲ, ದಿನದಿನಕ್ಕೂ ಕೆಡುತ್ತಾ ಹೋಗುತ್ತದೆ.

ಇದು ನನಗೆ ಅರ್ಥವಾಗಿದ್ದು ಎಂಟನೇ ತಿಂಗಳಲ್ಲಿ, ಹೇಳದೆ ಕೇಳದೆ ಒಂದು ದಿನ ವರ್ಕ್‌ಶಾಪಿಗೆ ಹೋದಾಗ. ದೋಣಿಯ ಮೇಲೆ ಹೊದಿಸಿದ್ದ ಟಾರ್ಪಾಲ್ ಮಧ್ಯಕ್ಕೆ ಜೋತುಬಿದ್ದು ಹರಿದಿತ್ತು. ಒಳಗೆ ಕಾಲಿಟ್ಟರೆ ಹಿಮ್ಮಡಿ ಮುಳುಗುವಷ್ಟು ಮಳೆನೀರು. ನೀರು ಹೊರಬಿಡುವ ತೂತಿನ ಬಿರಡೆ, ಅಂದರೆ ಡ್ರೈನ್ ಪ್ಲಗ್ಗನ್ನು ಯಾರೂ ಬಿಚ್ಚಿರಲೇ ಇಲ್ಲ. ಟ್ರಾನ್ಸಮ್ಮಿನ ಹೊರಗಿನ ಫೈಬರ್ ಪದರವನ್ನು ಕತ್ತರಿಸಿ ತೆಗೆದು ಹಾಗೇ ಬಿಟ್ಟಿದ್ದರು. ಒಳಗಿನ ಪ್ಲೈವುಡ್ ಕಪ್ಪಾಗಿತ್ತು. ಹೆಬ್ಬೆರಳಿನಲ್ಲಿ ಒತ್ತಿದರೆ ನೆನೆದ ರಟ್ಟಿನ ಹಾಗೆ ಪದರ ಪದರವಾಗಿ ಬಂತು. ಪಕ್ಕದಲ್ಲೇ ಸ್ಟ್ಯಾಂಡಿನ ಮೇಲೆ ನನ್ನ ಎಂಜಿನ್, ಮೇಲಿನ ಕವರ್ ಇಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ತೂತುಗಳನ್ನು ತೆರೆದೇ ಬಿಟ್ಟಿದ್ದರು. ಬೆರಳು ಹಾಕಿ ನೋಡಿದೆ, ತುದಿಯೆಲ್ಲ ಕೆಂಪು ತುಕ್ಕು. ಕೊಟ್ಟಾಗ ಚೆನ್ನಾಗಿ ಓಡುತ್ತಿದ್ದ ಎಂಜಿನ್ ಅದು.

ಹಾಗಾಗಿ ನಿಮ್ಮ ಹೆದರಿಕೆಗೆ ನನ್ನ ಉತ್ತರ: ಬೇಕಂತ ಹಾಳು ಮಾಡುವವರು ತೀರ ಕಡಿಮೆ. ದೋಣಿ ಹಾಳಾಗುವುದು ಯಾರೂ ಮುಟ್ಟದೆ ಬಿದ್ದಿರುವುದರಿಂದ. ನೀವು ಸುಮ್ನೆ ಇದ್ದಷ್ಟು ದಿನ ಆ ನಷ್ಟ ಜಾಸ್ತಿಯಾಗುತ್ತದೆ.

ನಾಳೆಯೇ ಹೋಗಿ, ಹಗಲು ಹೊತ್ತಿನಲ್ಲಿ. ದೋಣಿ ಕೆಲಸ ಗೊತ್ತಿರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ದನಿ ಎತ್ತಬೇಡಿ. "ನನ್ನ ದೋಣಿ ಒಮ್ಮೆ ನೋಡಬೇಕು" ಅಂದರೆ ಸಾಕು. ತೆರೆದ ಜಾಗವನ್ನೆಲ್ಲ ಹತ್ತಿರದಿಂದ ಫೋಟೋ ತೆಗೆಯಿರಿ. ಹಲ್ ನಂಬರ್ (ದೋಣಿಯ ಗುರುತಿನ ಸಂಖ್ಯೆ) ಮರೆಯಬೇಡಿ. ಅದು ಸಾಮಾನ್ಯವಾಗಿ ಹಿಂಭಾಗದ ಬಲಬದಿಯಲ್ಲಿ ಕೊರೆದಿರುತ್ತದೆ. ಔಟ್‌ಬೋರ್ಡ್ (ಹಿಂಬದಿಯಲ್ಲಿ ಹೊರಗೆ ಕೂರಿಸುವ) ಎಂಜಿನ್ನಿನ ಸೀರಿಯಲ್ ನಂಬರ್ ದೋಣಿಗೆ ಕಚ್ಚಿಕೊಳ್ಳುವ ಬ್ರಾಕೆಟ್ ಮೇಲೆ ಸಿಗುತ್ತದೆ. ಬಿಚ್ಚಿಟ್ಟ ಭಾಗಗಳು, ಹೊಸ ಬಿಡಿಭಾಗಗಳ ಡಬ್ಬಿ, ಡಬ್ಬಿಯ ಲೇಬಲ್, ಎಲ್ಲವೂ ಫೋಟೋದಲ್ಲಿ ಬರಲಿ. ನಾಲ್ಕು ದೋಣಿಗಳ ಸಾಮಾನು ಒಂದೇ ಕಪಾಟಿನಲ್ಲಿ ಬಿದ್ದಿರುವ ಕಡೆ ಯಾವುದು ಯಾರದು ಅಂತ ಆಮೇಲೆ ಹೇಳುವುದು ಕಷ್ಟ. ನನ್ನ ಎಂಜಿನ್ ಕವರ್ ಇನ್ನೊಬ್ಬರ ಎಂಜಿನ್ ಮೇಲೆ ಕೂತಿತ್ತು!

ಅವತ್ತೇ ಕೈಯಲ್ಲಾಗುವ ಕೆಲಸ ಮಾಡಿ ಬನ್ನಿ. ಡ್ರೈನ್ ಪ್ಲಗ್ ಬಿಚ್ಚಿಸಿ, ನೀರು ಹಿಂದಕ್ಕೆ ಹರಿದು ಹೋಗುವ ಹಾಗೆ ಮೂತಿ ಸ್ವಲ್ಪ ಎತ್ತರಿಸಿ. ತೆರೆದ ಸಿಲಿಂಡರಿಗೆ ಎಣ್ಣೆ ಸಿಂಪಡಿಸಿ ಸ್ಪಾರ್ಕ್ ಪ್ಲಗ್ ಹಾಕಿಸಿ. ಬ್ಯಾಟರಿ ಮನೆಗೆ ತನ್ನಿ, ಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಇಟ್ಟರೆ ಅದು ಸತ್ತ ಹಾಗೆಯೇ. ಹೊದಿಕೆ ಬಿಗಿಯಾಗಿರಲಿ, ಆದರೆ ಗಾಳಿಯಾಡಲಿ. ಗೇರ್ ಆಯಿಲ್ ಸ್ವಲ್ಪ ತೆಗೆಸಿ ನೋಡಿ. ಹಾಲಿನ ಹಾಗೆ ಬೆಳ್ಳಗಿದ್ದರೆ ಸೀಲ್ ದಾಟಿ ನೀರು ಒಳಗೆ ಹೋಗಿದೆ ಅಂತ ಅರ್ಥ. ಅದನ್ನೂ ಫೋಟೋ ತೆಗೆದಿಟ್ಟುಕೊಳ್ಳಿ.

ಮಾಲೀಕರು ಸಿಕ್ಕರೆ "ಯಾವಾಗ ಮುಗಿಯುತ್ತದೆ" ಅಂತ ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ "ಮುಂದಿನ ವಾರ" ಅನ್ನುವ ಉತ್ತರ ಅವರ ಬಾಯಲ್ಲಿ ರೆಡಿ ಇರುತ್ತದೆ. ಇಲ್ಲಿಯವರೆಗೆ ಏನು ಆಗಿದೆ ಅಂತ ಕೇಳಿ. ಯಾವ ಸಾಮಾನು ತರಿಸಿದ್ದಾರೆ, ಅದರ ಬಿಲ್ ಎಲ್ಲಿ ಅಂತ ಕೇಳಿ. ನನ್ನ ವಿಷಯದಲ್ಲಿ ಬಿಲ್ ಕೇಳಿದ ಕೂಡಲೇ ಮಾತು ನಿಂತುಹೋಯಿತು. ಸಾಮಾನು ಆರ್ಡರೇ ಆಗಿರಲಿಲ್ಲ. ನನಗಿಂತ ಮೊದಲು ಬಂದವರ ಕೆಲಸ ಮುಗಿಸಲು ನನ್ನ ದುಡ್ಡು ಖರ್ಚಾಗಿತ್ತು. ನನ್ನ ಕೆಲಸಕ್ಕೆ ಇನ್ಯಾರೋ ಮುಂಗಡ ಕೊಡಬೇಕಿತ್ತು. ಆ ಮನುಷ್ಯ ಕೆಟ್ಟವರಾಗಿರಲಿಲ್ಲ, ಕೈ ಬರಿದಾಗಿತ್ತು ಅಷ್ಟೇ. ಆದ್ದರಿಂದ "ಇನ್ನು ಸ್ವಲ್ಪ ಕೊಡಿ, ಸಾಮಾನು ಬಂದುಬಿಡುತ್ತದೆ" ಅಂದರೆ ದಯವಿಟ್ಟು ಕೊಡಬೇಡಿ. ನಾನು ಕೊಟ್ಟೆ. ಅದರಿಂದ ಒಂದು ಮೊಳೆಯೂ ನನ್ನ ದೋಣಿಗೆ ಬೀಳಲಿಲ್ಲ.

ನ್ಯಾಯವಾಗಿ ನೋಡಿದರೆ ನಿಜವಾದ ತಡ ಅನ್ನುವುದೂ ಇದೆ. ನೀರು ಕುಡಿದ ಮರ ಒಣಗದೆ ಫೈಬರ್ ಹೊದಿಸಿದರೆ ಪದರ ಕಚ್ಚುವುದಿಲ್ಲ, ಒಣಗಲು ವಾರಗಳೇ ಬೇಕು. ಚಳಿ ಜಾಸ್ತಿಯಿದ್ದರೆ ಫೈಬರಿಗೆ ಹಚ್ಚುವ ಅಂಟು, ರೆಸಿನ್, ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಳೆಯ ಎಂಜಿನ್ನಿನ ಬಿಡಿಭಾಗ ಸಿಗುವುದು ನಿಧಾನ. ಆದರೆ ನಿಜವಾದ ಕಾರಣ ಇರುವವರ ಹತ್ತಿರ ತೋರಿಸಲು ಏನಾದರೂ ಇರುತ್ತದೆ, ಆರ್ಡರ್ ಚೀಟಿಯೋ, ಅರ್ಧ ಆದ ಕೆಲಸವೋ. ಅಂಥವರಿಗೆ ಸಮಯ ಕೊಡಿ.

ಮನೆಗೆ ಬಂದ ಕೂಡಲೇ ನಡೆದ ಮಾತನ್ನೆಲ್ಲ ಮೆಸೇಜ್ ಮಾಡಿ ಕಳಿಸಿ. ಇಲ್ಲಿಂದ ಮುಂದೆ ಬಾಯಿಮಾತು ಬೇಡ. ಮಾಲೀಕರು ಸಿಗದಿದ್ದರೆ, ಅಥವಾ ಉತ್ತರ ಸರಿಯಿಲ್ಲದಿದ್ದರೆ, ಒಂದು ಪತ್ರ ಬರೆಯಿರಿ. ನಾನು ಬರೆದದ್ದು ಹೀಗಿತ್ತು: "ಇಂಥ ದಿನ ಇಷ್ಟು ಹಣ ಕೊಟ್ಟಿದ್ದೇನೆ, ರಶೀದಿ ಜೊತೆಗಿದೆ. ಇಂಥ ತಾರೀಖಿಗೆ ಮುಗಿಸುವುದಾಗಿ ಹೇಳಿದ್ದಿರಿ. ಇವತ್ತಿನಿಂದ 14 ದಿನದೊಳಗೆ ಕೆಲಸ ಮುಗಿಸಿ ಕೊಡಿ. ಆಗದಿದ್ದರೆ 15ನೇ ದಿನ ಬೆಳಗ್ಗೆ ಟ್ರೈಲರ್ ತರುತ್ತೇನೆ. ದೋಣಿ, ಎಂಜಿನ್, ಬಿಚ್ಚಿಟ್ಟ ಎಲ್ಲ ಭಾಗ, ನನ್ನ ಹೆಸರಲ್ಲಿ ತಂದ ಸಾಮಾನು ಒಪ್ಪಿಸಿ. ಆಗದ ಕೆಲಸದ ಹಣ ವಾಪಸ್ ಮಾಡಿ." ಇಷ್ಟೇ. ಬೈಗುಳ ಬೇಡ, ಬೆದರಿಕೆ ಬೇಡ, "ಆದಷ್ಟು ಬೇಗ" ಅಂತಲೂ ಬೇಡ, ಅದು ಯಾವ ತಾರೀಖೂ ಅಲ್ಲ. ತಲುಪಿದ್ದಕ್ಕೆ ಸಹಿ ಸಿಗುವ ಹಾಗೆ ಕಳಿಸಿ. ಮುಗಿಸಲು ಇನ್ನೊಂದು ಅವಕಾಶ ಕೊಟ್ಟಿದ್ದೀರಿ ಅನ್ನುವುದಕ್ಕೆ ಮುಂದೆ ನ್ಯಾಯಾಲಯದಲ್ಲಿ ಬೆಲೆ ಇರುತ್ತದೆ.

ಕಾರ್ಡಿನಲ್ಲಿ ಕೊಟ್ಟಿದ್ದೀರಾ? ಹಾಗಿದ್ದರೆ ಪತ್ರಕ್ಕಿಂತ ಮೊದಲು ಬ್ಯಾಂಕಿಗೆ ಫೋನ್ ಮಾಡಿ. ದುಡ್ಡು ಕೊಟ್ಟರೂ ಸೇವೆ ಸಿಗಲಿಲ್ಲ ಅಂತ ದೂರು ಕೊಟ್ಟು ಹಣ ವಾಪಸ್ ಕೇಳುವ ದಾರಿ ಇದೆ, ಚಾರ್ಜ್‌ಬ್ಯಾಕ್ ಅನ್ನುತ್ತಾರೆ. ಅದಕ್ಕೆ ಗಡುವು ಇದೆ. ಸಾಮಾನ್ಯವಾಗಿ 120 ದಿನ, ಕೆಲಸ ಮುಗಿಸುವುದಾಗಿ ಹೇಳಿದ ತಾರೀಖಿನಿಂದ ಲೆಕ್ಕ. ನಿಮ್ಮದು ಏಳು ತಿಂಗಳಾಗಿದೆ ನಿಜ, ಆದರೆ ಅವರು ಮಾತು ಕೊಟ್ಟ ತಾರೀಖು ಯಾವುದು ಅನ್ನುವುದರ ಮೇಲೆ ನಿಮಗೆ ಇನ್ನೂ ದಿನ ಉಳಿದಿರಬಹುದು. ಬ್ಯಾಂಕ್‌ನವರನ್ನೇ ಕೇಳಿ, ಇವತ್ತೇ.

15ನೇ ದಿನ ಟ್ರೈಲರ್ ತೆಗೆದುಕೊಂಡು ಹೋದಾಗ "ಜಾಗದ ಬಾಡಿಗೆ ಕಟ್ಟಿ" ಅನ್ನಬಹುದು. ಮಾಡಿದ ಕೆಲಸದ ದುಡ್ಡು ಬಾಕಿ ಇದ್ದರೆ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕು ಅಂಗಡಿಗೆ ಅನೇಕ ಕಡೆ ಇದೆ. ನೀವು ಪೂರ್ತಿ ಕೊಟ್ಟಿದ್ದೀರಿ, ಹಾಗಾಗಿ ರಶೀದಿ ಕೈಯಲ್ಲೇ ಇರಲಿ. ಬಾಡಿಗೆಗೆ ನೀವು ಒಪ್ಪಿ ಸಹಿ ಹಾಕಿದ ಕಾಗದ ತೋರಿಸಿ ಅಂತ ಕೇಳಿ. ಪಟ್ಟು ಹಿಡಿದು ಸಣ್ಣ ಮೊತ್ತ ಕೇಳಿದರೆ, "ಒಪ್ಪಿಗೆ ಇಲ್ಲದೆ ಕೊಡುತ್ತಿದ್ದೇನೆ" ಅಂತ ರಶೀದಿಯ ಮೇಲೆ ಬರೆದು ಕೊಟ್ಟು ದೋಣಿ ತನ್ನಿ. ದೋಣಿ ಆಚೆ ಬರುವುದು ಮುಖ್ಯ. ಅಂಗಡಿ ಮುಚ್ಚಿಹೋದರೆ ಮುಂಗಡ ಕೊಟ್ಟವರಿಗೆ ಸಿಗುವುದು ಸಾಲಿನ ಕೊನೆಯ ಜಾಗ. ನಿಮ್ಮ ದೋಣಿ ಅವರ ಆಸ್ತಿಯಲ್ಲ, ಆದರೆ ಬೀಗ ಬಿದ್ದ ಗೇಟಿನ ಒಳಗಿದ್ದರೆ ಅದನ್ನು ಬಿಡಿಸಿಕೊಳ್ಳುವುದು ದೊಡ್ಡ ಪಾಡು.

ರಾತ್ರಿ ಹೋಗಿ ಎಳೆದುಕೊಂಡು ಬರುವ ಯೋಚನೆ ಮಾತ್ರ ಬೇಡ. ಹನ್ನೊಂದು ತಿಂಗಳ ಸಿಟ್ಟಿನಲ್ಲಿ ನನಗೂ ಬಂದಿತ್ತು. ಹಾಗೆ ಮಾಡಿದರೆ ಮರುದಿನದಿಂದ ದೂರು ನಿಮ್ಮ ಮೇಲೆ, ಅಲ್ವಾ? ಒಪ್ಪಿಸುವುದಿಲ್ಲ ಅಂತ ನೇರವಾಗಿ ಹೇಳಿದರೆ ವಕೀಲರ ಹತ್ತಿರ ಹೋಗಿ. ಹಣ ಮಾತ್ರ ಕೇಳದೆ, ವಸ್ತುವನ್ನು ವಾಪಸ್ ಕೊಡಿಸುವ ಆದೇಶವನ್ನೂ ಕೇಳಬಹುದು.

ದೋಣಿ ತಂದ ಮೇಲೆ ಕೂಡಲೇ ಬೇರೆಯವರಿಗೆ ರಿಪೇರಿಗೆ ಕೊಡಬೇಡಿ. ಯಾರೂ ಕೈಹಾಕುವ ಮೊದಲು ಇನ್ನೊಂದು ವರ್ಕ್‌ಶಾಪಿನವರಿಂದ ಪರೀಕ್ಷೆ ಮಾಡಿಸಿ, ಏನು ಆಗಿದೆ, ಏನು ಆಗಿಲ್ಲ, ಏನು ಹೊಸದಾಗಿ ಕೆಟ್ಟಿದೆ, ಮುಗಿಸಲು ಎಷ್ಟು ಬೇಕು ಅಂತ ಬರೆಸಿಕೊಳ್ಳಿ. ಗ್ರಾಹಕ ನ್ಯಾಯಾಲಯವಾಗಲಿ, ಸಣ್ಣ ಮೊತ್ತದ ದಾವೆಯಾಗಲಿ, ಈ ಒಂದು ಕಾಗದದ ಮೇಲೆ ನಿಲ್ಲುತ್ತದೆ. ಆದ ಕೆಲಸಕ್ಕೆ ಬೆಲೆ ಕಟ್ಟಿ, ಉಳಿದದ್ದನ್ನು ಕೇಳಿ. ಸ್ವಲ್ಪ ಕೆಲಸ ಆಗಿದ್ದರೂ ಪೂರ್ತಿ ಹಣ ಕೇಳಿದರೆ ನಿಮ್ಮ ಮಾತಿನ ತೂಕ ಕಡಿಮೆಯಾಗುತ್ತದೆ.

ನನಗೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಹಾಗಾಗಲಿಲ್ಲ. ಆ ಪರೀಕ್ಷೆಯ ಕಾಗದದ ಪ್ರತಿ ಕಳಿಸಿದ ಮೇಲೆ ಕಂತಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ವಾಪಸ್ ಬಂತು. ಎಂಜಿನ್ ಉಳಿಯಲಿಲ್ಲ. ಎರಡನೇ ವರ್ಕ್‌ಶಾಪಿನಲ್ಲಿ ಸಾಮಾನಿನ ದುಡ್ಡನ್ನು ಸಾಮಾನಿನ ಅಂಗಡಿಗೇ ನೇರ ಕಟ್ಟಿದೆ. ಕೂಲಿಯನ್ನು ಮೂರು ಹಂತದಲ್ಲಿ ಕೊಟ್ಟೆ, ಪ್ರತಿ ಹಂತ ಕಣ್ಣಾರೆ ನೋಡಿದ ಮೇಲೆ. ಏಳು ವಾರದಲ್ಲಿ ದೋಣಿ ನೀರಿಗಿಳಿಯಿತು.

ನಾಳೆ ಹೋಗುವಾಗ ಟಾರ್ಚ್, ಸ್ಪ್ಯಾನರ್, ಒಂದು ಒಳ್ಳೆಯ ಟಾರ್ಪಾಲ್ ತೆಗೆದುಕೊಂಡು ಹೋಗಿ. ಟ್ರಾನ್ಸಮ್ ತೆರೆದಿದ್ದಾರಾ, ತೆರೆದಿದ್ದರೆ ಮರ ಎಷ್ಟು ಮೆತ್ತಗಾಗಿದೆ ಅಂತ ನೋಡಿ ಇಲ್ಲಿ ಬರೆಯಿರಿ. ಪತ್ರದಲ್ಲಿ ಏನು ಸೇರಿಸಬೇಕು ಅಂತ ಆಗ ಹೇಳುತ್ತೇನೆ.