ಹೊಟ್ಟೆ ಉರಿಯುತ್ತೆ ಅಂದರೆ ಏನು ಬರೆದುಕೊಳ್ಳುತ್ತೀರಿ?

ಬೆಂಗಳೂರಿನ ಪೀಣ್ಯದ ಒಂದು ಗಾರ್ಮೆಂಟ್ಸ್‌ನ ಎಚ್.ಆರ್. ವಿಭಾಗದಲ್ಲಿರುವ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ವಯಸ್ಸು 27. ಕನ್ನಡ ಮೀಡಿಯಂ, ಬಿ.ಎ.ಯಲ್ಲಿ ಮನಃಶಾಸ್ತ್ರ ಓದಿದ್ದಾರೆ. ರಜೆ ಚೀಟಿ, ಪಿ.ಎಫ್. ಫಾರಂ ಅಂತ ಬರುವ ಹೆಂಗಸರು ಇವರ ಟೇಬಲ್ ಮುಂದೆ ಕೂತು ಮನೆ ಕಥೆ ಹೇಳಿ ಅತ್ತು ಹೋಗುತ್ತಾರಂತೆ. "ಕೇಳಿಸಿಕೊಳ್ಳೋದು ಗೊತ್ತು, ಆಮೇಲೇನು ಮಾಡಬೇಕು ಅಂತ ಗೊತ್ತಿಲ್ಲ. ಮುಂದೆ ಓದಿ ಕೌನ್ಸೆಲರ್ ಆಗಬೇಕು, ಅದೂ ಇಂಥವರ ಮಧ್ಯೆನೇ ಇರೋ ಕೌನ್ಸೆಲರ್. ಮನಃಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಲಾ, ಸಮಾಜಕಾರ್ಯದ ಎಂ.ಎಸ್.ಡಬ್ಲ್ಯು. ಮಾಡಲಾ, ಇಲ್ಲ ಮೂರು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್ ಸಾಕಾ? ಅಮ್ಮ ಬಿ.ಎಡ್. ಮಾಡು ಅಂತಾರೆ. ನನಗೆ ಇಂಗ್ಲಿಷ್ ಅಂದರೆ ಭಯ" ಅಂತ ಕೇಳಿದ್ದಾರೆ.

ಮೂರು ತಿಂಗಳ ಸರ್ಟಿಫಿಕೇಟ್ ವಿಷಯ ಮೊದಲು ಮುಗಿಸಿಬಿಡೋಣ. ಬೇಡ. ಈಜು ಕಲಿಯೋಕೆ ವಿಡಿಯೋ ನೋಡಿದ ಹಾಗಾಗುತ್ತೆ. ದೂರಶಿಕ್ಷಣದಲ್ಲಿ ಎಂ.ಎ. ಮಾಡಬಹುದಲ್ವಾ ಅಂತ ಪತ್ರದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ್ದೀರಿ. ಆ ಬಾಗಿಲೂ ಮುಚ್ಚಿದೆ. ಮನಃಶಾಸ್ತ್ರವನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸಬಾರದು ಅಂತ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯು.ಜಿ.ಸಿ. 2025ರಲ್ಲಿ ಹೇಳಿತು. ತುಂಬಾ ಜನಕ್ಕೆ ಬೇಜಾರಾಯಿತು. ಕೆಲಸ ಬಿಟ್ಟು ಓದಲಾಗದವರಿಗೆ ಅದು ಪೆಟ್ಟು ನಿಜ. ಆದರೂ ನನಗೆ ಸರಿ ಅನ್ನಿಸಿತು. ಯಾಕೆ ಅಂತ ಹೇಳೋಕೆ ನಮ್ಮ ಅಕ್ಕನ ಕಥೆ ಹೇಳಬೇಕು.

ಭಾವ ತೀರಿಕೊಂಡ ವರ್ಷ. ಸೈಟಿನ ವಿಚಾರಕ್ಕೆ ಮೈದುನಂದಿರು ಮಾತು ಬಿಟ್ಟಿದ್ದರು. ಅಕ್ಕ ರಾತ್ರಿ ಎರಡು ಗಂಟೆಗೆ ಎದ್ದು ಪಾತ್ರೆ ತೊಳೆಯೋಳು. ಊರಿನ ದಕ್ಷಿಣ ಭಾಗದ ಒಂದು ಕೌನ್ಸೆಲಿಂಗ್ ಸೆಂಟರ್‌ಗೆ ಕರೆದುಕೊಂಡು ಹೋದೆ. ಎ.ಸಿ., ಮೂಲೆಯಲ್ಲಿ ಬಿದಿರಿನ ಗಿಡ, ಇಂಗ್ಲಿಷ್ ಫಾರಂ. ಅಲ್ಲಿನ ಕೌನ್ಸೆಲರ್ ಹುಡುಗಿ ಒಳ್ಳೆಯವಳೇ, ಕನ್ನಡ ಸ್ವಲ್ಪ ಸ್ವಲ್ಪ ಬರುತ್ತಿತ್ತು. ನಿಮ್ಮ ದುಃಖ ಹತ್ತರಲ್ಲಿ ಎಷ್ಟು ಅಂತ ಕೇಳಿದಳು. ಅಕ್ಕ ನನ್ನ ಮುಖ ನೋಡಿದಳು. ಆಮೇಲೆ "ಮೈದುನಂದಿರನ್ನ ನೆನೆಸಿಕೊಂಡರೆ ಏನಾಗುತ್ತೆ?" ಅಂತ ಕೇಳಿದ್ದಕ್ಕೆ ಅಕ್ಕ, "ಏನಾಗುತ್ತೆ, ಹೊಟ್ಟೆ ಉರಿಯುತ್ತೆ ಕಣಮ್ಮ" ಅಂದಳು. ಹುಡುಗಿ ಬರೆದುಕೊಂಡಳು. ಹೊರಡುವಾಗ, ಅಸಿಡಿಟಿಗೆ ಒಂದು ಸಲ ಡಾಕ್ಟರ್‌ಗೆ ತೋರಿಸಿ ಅಂದಳು.

ಆಟೋದಲ್ಲಿ ಅಕ್ಕ ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದು, ಅಷ್ಟಕ್ಕೇ ಫೀಸು ವಸೂಲಿ ಅಂದುಕೊಂಡೆ. ಆದರೆ ಮತ್ತೆ ಅಲ್ಲಿಗೆ ಹೋಗಲಿಲ್ಲ.

ಆ ಹುಡುಗಿಗೆ ಓದು ಕಮ್ಮಿ ಇರಲಿಲ್ಲ. ಅಕ್ಕನಂಥವರ ಎದುರು ಅವಳು ಕೂತಿರಲಿಲ್ಲ, ಕೂತು ಬಂದದ್ದನ್ನು ಮೇಲಿನವರೊಬ್ಬರಿಗೆ ಹೇಳಿ ತಿದ್ದಿಸಿಕೊಂಡಿರಲಿಲ್ಲ, ಅಷ್ಟೇ. ಎದೆ ಭಾರ, ತಲೆ ಜುಮ್ ಅನ್ನುತ್ತೆ, ಕೈಕಾಲಲ್ಲಿ ಶಕ್ತಿ ಇಲ್ಲ, ಗ್ಯಾಸ್ಟ್ರಿಕ್ಕು, ನಿದ್ದೆ ಹತ್ತಲ್ಲ ಅಂತ ನಮ್ಮ ಹೆಂಗಸರು ಹೇಳುವುದರಲ್ಲಿ ಯಾವುದು ಮೈಯ ಮಾತು, ಯಾವುದು ಮನಸ್ಸಿನ ಮಾತು, ಯಾವುದು ಸೋಮವಾರ ಕಟ್ಟಬೇಕಾದ ಸಂಘದ ಕಂತಿನ ಮಾತು ಅಂತ ಬಿಡಿಸಿ ನೋಡೋದು ಪುಸ್ತಕದಿಂದ ಬರಲ್ಲ.

ಹಾಗಾಗಿ ನನ್ನ ಓಟು ಎಂ.ಎಸ್.ಡಬ್ಲ್ಯು.ಗೆ, ಅದರಲ್ಲೂ ಮೆಡಿಕಲ್ ಅಂಡ್ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಇರುವ ಕಡೆ. ಅದರಲ್ಲಿ ಪಾಠದ ಜೊತೆಜೊತೆಗೇ ಫೀಲ್ಡ್ ವರ್ಕ್ ಇರುತ್ತೆ. ಆಸ್ಪತ್ರೆ, ಕೊಳೆಗೇರಿ, ಕೌಟುಂಬಿಕ ಸಲಹಾ ಕೇಂದ್ರ ಅಂತ ಅಲೆಸುತ್ತಾರೆ. ಕೊರತೆಯನ್ನೂ ಹೇಳುತ್ತೇನೆ. ಒಬ್ಬರ ಎದುರು ಕೂತು ಗಂಟೆಗಟ್ಟಲೆ ಮಾಡುವ ಕೌನ್ಸೆಲಿಂಗ್ ಅನ್ನು ಅದು ತೆಳುವಾಗಿ ಕಲಿಸುತ್ತೆ, ಆಮೇಲೆ ಬೇರೆಯಾಗಿ ಕಲಿಯಬೇಕು. ಎಂ.ಎಸ್ಸಿ. ಮನಃಶಾಸ್ತ್ರ ಅದಕ್ಕೆ ತಿರುಗಮುರುಗ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಿ ಎರಡೂ ವಿಭಾಗ ಇವೆ. ಖಾಸಗಿಯಲ್ಲಿ ಫೀಸು ಲಕ್ಷ ದಾಟುತ್ತೆ, ಕಟ್ಟೋ ಮುಂಚೆ ಅಲ್ಲಿನ ಎರಡನೇ ವರ್ಷದವರನ್ನು ಕ್ಯಾಂಟೀನ್‌ನಲ್ಲಿ ಹಿಡಿದು ಕೇಳಿ: ಹೋದ ವಾರ ಎಷ್ಟು ಜನರ ಜೊತೆ ಕೂತು ಮಾತಾಡಿದಿರಿ, ಅದನ್ನು ಯಾರಿಗೆ ಹೇಳಿದಿರಿ, ಅವರು ಏನು ತಿದ್ದಿದರು? ತಡವರಿಸಿದರೆ ಟೀ ಕುಡಿದು ಬನ್ನಿ.

ಮಾನಸಿಕ ಕಾಯಿಲೆಗಳನ್ನು ಪರೀಕ್ಷಿಸಿ ಥೆರಪಿ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನೋದು ಬೇರೆ. ಅದಕ್ಕೆ 1992ರ ಕಾಯ್ದೆ ಪ್ರಕಾರ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು, ಅವರು ಒಪ್ಪಿದ ಕೋರ್ಸ್ ಬೇಕು. ಮುಂಚೆ ಎಲ್ಲರೂ ನಿಮ್ಹಾನ್ಸ್ ಎಂ.ಫಿಲ್. ಕನಸು ಕಾಣುತ್ತಿದ್ದರು. ಎಂ.ಫಿಲ್. ಅನ್ನೋ ಪದವಿಯನ್ನೇ 2022ರ ನಿಯಮದಲ್ಲಿ ಯು.ಜಿ.ಸಿ. ತೆಗೆದುಹಾಕಿತು, ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೆ ಮಾತ್ರ 2025-26ರ ಪ್ರವೇಶದ ತನಕ ವಿನಾಯಿತಿ ಕೊಟ್ಟಿತು. ಪರಿಚಯದವರ ಮಗಳು ಹಾಗೆ ಮಾಡಿದಳು ಅಂತ ಹಳೇ ದಾರಿ ಹಿಡಿಯಬೇಡಿ. ಇನ್ನು ಬರೀ "ಕೌನ್ಸೆಲರ್" ಅನ್ನೋ ಬೋರ್ಡನ್ನು ಇಷ್ಟು ವರ್ಷ ಯಾರು ಬೇಕಾದರೂ ಹಾಕಿಕೊಳ್ಳುತ್ತಿದ್ದರು. 2021ರ ಆರೋಗ್ಯ ವೃತ್ತಿಪರರ ಆಯೋಗದ ಕಾಯ್ದೆಯಲ್ಲಿ ಸೈಕಾಲಜಿಸ್ಟ್, ಕೌನ್ಸೆಲರ್, ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಎಲ್ಲ ಸೇರಿದ್ದಾರೆ. ಹಾಗಾಗಿ ಗಟ್ಟಿ ಪದವಿಯೇ ಇರಲಿ.

ಕೆಲಸ ಸಿಗುತ್ತಾ? ಸಿಗುತ್ತೆ, ಸಂಬಳ ಜಾಸ್ತಿ ಇರಲ್ಲ, ಬಹಳಷ್ಟು ಕಾಂಟ್ರಾಕ್ಟ್. ಅಮ್ಮ ಬಿ.ಎಡ್. ಅನ್ನೋದು ಸುಮ್ನೆ ಅಲ್ಲ. ಆದರೆ ಜನ ಬೇಕು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಲ್ಲಿ ನೂರಕ್ಕೆ ಹತ್ತು ಜನಕ್ಕೂ ಸ್ವಲ್ಪ ಮೇಲೆ ಯಾವುದಾದರೊಂದು ಮಾನಸಿಕ ತೊಂದರೆ ಕಂಡಿತ್ತು. ಅವರಲ್ಲಿ ಚಿಕಿತ್ಸೆ ಸಿಗದವರೇ ಹೆಚ್ಚು. ಮತ್ತೆ, ಜನರ ಮಧ್ಯೆ ಹೋಗಿ ಮಾಡುವ ಮನೋವೈದ್ಯಕೀಯಕ್ಕೆ ದೇಶಕ್ಕೇ ದಾರಿ ತೋರಿಸಿದ್ದು ನಮ್ಮೂರು. 70ರ ದಶಕದಲ್ಲಿ ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ನಿಮ್ಹಾನ್ಸ್‌ನವರು ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಕಲಿಸಿ ನೋಡಿದರು, 80ರ ದಶಕದಲ್ಲಿ ಅದೇ ಬಳ್ಳಾರಿ ಜಿಲ್ಲೆಗೆ ಹೋಯಿತು, 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆ ತಂಡಗಳಲ್ಲಿ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್‌ಗೂ ಒಂದು ಕುರ್ಚಿ ಇದೆ.

ಇಂಗ್ಲಿಷ್ ಬಗ್ಗೆ: ಓದೋಕೆ ಬೇಕು, ಪಠ್ಯಗಳು ಅದರಲ್ಲೇ ಇವೆ. ದಿನಾ ಎರಡು ಪುಟ ಡಿಕ್ಷನರಿ ಇಟ್ಟುಕೊಂಡು ಓದಿ, ಆರು ತಿಂಗಳಲ್ಲಿ ಭಯ ಹೋಗುತ್ತೆ. ಮಾತಾಡೋಕೆ ನಿಮ್ಮ ಕನ್ನಡವೇ ಬಂಡವಾಳ. ನಿಮ್ಹಾನ್ಸ್‌ನಲ್ಲಿ ಪ್ರೊಫೆಸರ್ ಆಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲೇ ಬರೆದು ಬರೆದು, ಉಚಿತ ಸಲಹಾ ಕೇಂದ್ರ ನಡೆಸಿ, 2024ರಲ್ಲಿ ಪದ್ಮಶ್ರೀ ಪಡೆದರು. ಇನ್ನೂ ಹಿಂದೆ ಹೋದರೆ, 1935ರಲ್ಲಿ ಮೈಸೂರಿನಲ್ಲಿ ಮನೆಯಿಂದಲೇ ಆಕಾಶವಾಣಿ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಮೇಷ್ಟ್ರು. ಇದನ್ನು ಸುಮ್ನೆ ಹೇಳಿದೆ, ನನಗೆ ಇಷ್ಟದ ವಿಷಯ.

ಈಗ ನೀವು ಕೇಳದೇ ಇರೋ ಒಂದು ಮಾತು. ರಜೆ ಮಂಜೂರು ಮಾಡುವ ಟೇಬಲ್ಲೇ ಕೌನ್ಸೆಲಿಂಗ್ ಟೇಬಲ್ ಆಗಬಾರದು. ಇವತ್ತು ಒಬ್ಬಾಕೆ ಗಂಡ ಹೊಡೀತಾನೆ, ರಾತ್ರಿಯೆಲ್ಲ ನಿದ್ದೆ ಇಲ್ಲ ಅಂತ ಹೇಳಿಕೊಳ್ಳುತ್ತಾಳೆ. ನಾಳೆ ಲೈನ್ ಸೂಪರ್‌ವೈಸರ್ ಬಂದು, ಅವಳದ್ಯಾಕೆ ಟಾರ್ಗೆಟ್ ಕಮ್ಮಿ ಅಂತ ನಿಮ್ಮನ್ನೇ ಕೇಳುತ್ತಾನೆ. ಏನು ಹೇಳುತ್ತೀರಿ? ಒಳ್ಳೇ ಉದ್ದೇಶದಿಂದ "ಪಾಪ, ಮನೇಲಿ ಕಷ್ಟ" ಅಂದರೂ ಅವಳ ಮಾತು ಹೊರಗೆ ಬಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗುಟ್ಟು ಕಾಯುವುದು ಚಿಕಿತ್ಸೆಗೆ ಬಂದವರ ಹಕ್ಕು ಅಂತಲೇ ಇದೆ. ಕಂಪನಿ ಸಂಬಳ ತಗೊಂಡು ಆ ಗುಟ್ಟು ಕಾಯೋದು ಕಷ್ಟ. ಓದು ಮುಗಿಸಿ ಅದೇ ಫ್ಯಾಕ್ಟರಿಗೆ ವಾಪಸ್ ಬರಬೇಕು ಅಂತಿದ್ದೀರಿ. ಗೇಟಿನ ಆಚೆ ಬನ್ನಿ ಅಂತೀನಿ ನಾನು, ಅವರು ಬಾಡಿಗೆಗಿರೋ ವಠಾರಕ್ಕೆ.

ಗೇಟಿನ ಆಚೆ ಇನ್ನೊಂದೂ ಕಾಣುತ್ತೆ: ಸಂಕಟದ ಬೇರು ಎಷ್ಟೋ ಸಲ ಮನಸ್ಸಿನಲ್ಲಲ್ಲ, ದುಡ್ಡಿನಲ್ಲಿರುತ್ತೆ. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ತೆಗೆಯೋಕೆ ತಡೆ ಹಾಕುವ ಹೊಸ ನಿಯಮ ಬಂದಾಗ ಇದೇ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಜನ ರಸ್ತೆಗೆ ಇಳಿದರು, ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ಆ ವಾರ ಯಾರಾದರೂ ಎದೆ ಡವಡವ ಅಂತ ನಿಮ್ಮ ಹತ್ತಿರ ಬಂದಿದ್ದರೆ, ಉಸಿರು ಎಳೆದು ಬಿಡಿ ಅಂತ ಹೇಳಿಕೊಟ್ಟು ಕಳಿಸಿದರೆ ಸಾಕಾಗುತ್ತಿತ್ತಾ?

ನಿಮ್ಮ ಓದು ಮುಗಿಯುವ ತನಕ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅನ್ನು ದೊಡ್ಡದಾಗಿ ಬರೆದು ಹೆಂಗಸರ ಟಾಯ್ಲೆಟ್ ಬಾಗಿಲ ಒಳಗಡೆ ಅಂಟಿಸಿ. ನೋಟಿಸ್ ಬೋರ್ಡ್‌ನಲ್ಲಿ ಬೇಡ, ಅಲ್ಲಿ ನಿಂತು ಬರೆದುಕೊಳ್ಳೋಕೆ ಯಾರಿಗೂ ಧೈರ್ಯ ಬರಲ್ಲ. ಫೋನು ಉಚಿತ, ಹಗಲೂ ರಾತ್ರಿಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಮೂರನೇ ಪುಟದಲ್ಲಿ ಒಬ್ಬ ಹೆಲ್ಪರ್ ಬಗ್ಗೆ ಬರೆದಿದ್ದೀರಿ, ಬದುಕಿ ಏನು ಪ್ರಯೋಜನ ಅಂದವರು, ಎಂಟು ದಿನದಿಂದ ಕೆಲಸಕ್ಕೆ ಬಂದಿಲ್ಲ ಅಂತ. ಕಾಲೇಜಿನ ಅರ್ಜಿ ಆಮೇಲೆ ತುಂಬಿ. ಈ ಉತ್ತರ ಅಚ್ಚಾಗುವ ತನಕ ಕಾಯೋದು ಬೇಡ ಅಂತ ನಿಮಗೆ ಫೋನ್ ಮಾಡಿದ್ದೆ, ನೀವು ಎತ್ತಲಿಲ್ಲ. ಮೆಸೇಜ್ ಹಾಕಿದ್ದೇನೆ. ಅವರ ಮನೆಗೆ ಹೋಗಿ ಬಂದಿರಾ, ತಿಳಿಸಿ.